ಮಸಿ ಹಚ್ಚದ ಓಲೆ



ಕನ್ನಡದ ಮೇಷ್ಟರೊಬ್ಬರು ಬಾನುಲಿಯಲ್ಲಿ ಮಾತನಾಡುತ್ತಾರೆಂದರೆ ಪಂಪನೋ ಕುಮಾರವ್ಯಾಸನೋ ಬಂದೇ ಬರುತ್ತಾನೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ಅವರಿಬ್ಬರಿಗೂ ವಿಶ್ರಾಂತಿ ಕೊಟ್ಟಿದ್ದೇನೆ. ಹಳೆಯ ಕಾಲದ ಒಂದು ಗಣಕಯಂತ್ರ ಓದಬಲ್ಲಂಥ ಒಂದು ಸಿ.ಡಿ.ಯನ್ನು ಸಿದ್ಧಪಡಿಸಲು ಹೋಗಿ, ಅರವತ್ತು ದಾಟಿದ ಮೇಲೆ ನಾನು ಕಲಿತ ಪಾಠವೊಂದನ್ನು ತಮ್ಮ ಮುಂದಿಡುತ್ತೇನೆ. ಯಂತ್ರದ ವಿಷಯದಲ್ಲಿ ನಾನು ವಿದ್ಯಾರ್ಥಿ. ಪಾಠ ಮಾತ್ರ ನನ್ನ ಕಸುಬಿಗೆ ಸೇರಿದ್ದು.

ಎಂ.ಎ. ಓದುತ್ತಿದ್ದಾಗ ನಮಗೆ ಓಲೆಗರಿಯ ಪ್ರತಿಗಳನ್ನು ತೋರಿಸುವ ಪದ್ಧತಿ ಇತ್ತು. ಉಕ್ಕಿನ ಮೊನೆಯಿಂದ ಓಲೆಯ ಮೇಲೆ ಗೀರಿ ಬರೆಯುತ್ತಾರೆ. ಆದರೆ ಗೀರಿದ ಮಾತ್ರಕ್ಕೆ ಅಕ್ಷರ ಕಣ್ಣಿಗೆ ಕಾಣಿಸುವುದಿಲ್ಲ. ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ಒರೆಸಬೇಕು. ಆಗ ಗೀರಿನೊಳಗೆ ಮಸಿ ನಿಂತು ಸಾಲುಗಳು ಮೇಲೆದ್ದು ಬರುತ್ತವೆ. ಮಸಿ ಹಚ್ಚದ ಓಲೆಯಲ್ಲಿ ಕಾವ್ಯವೇನೋ ಇರುತ್ತದೆ. ಓದುವವನ ಪಾಲಿಗೆ ಮಾತ್ರ ಅದು ಬರಿಯ ಗರಿ. ಈ ಒಂದು ಚಿತ್ರವನ್ನು ತಾವು ಮನಸ್ಸಿನಲ್ಲಿ ಇರಿಸಿಕೊಂಡರೆ ನಾನು ಮುಂದೆ ಹೇಳುವುದೆಲ್ಲ ಸುಲಭವಾಗುತ್ತದೆ.

ನನ್ನ ಸೋದರತ್ತೆ ನಮ್ಮ ಸೀಮೆಯಲ್ಲಿ ಬೀಸುವ ಪದಗಳಿಗೆ ಹೆಸರಾದವರು. ಅಕ್ಷರ ಬಾರದು, ಪದ ಮಾತ್ರ ಬತ್ತದು. 1990ರ ದಶಕದ ಬೇಸಗೆಯ ರಜೆಗಳಲ್ಲಿ ನಾನು ಅವರ ಪಕ್ಕದಲ್ಲಿ ಕುಳಿತು ನಲವತ್ತಮೂರು ಪದಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. "ಇದನ್ನೆಲ್ಲ ಬರ್ಕೊಂಡು ಏನ್ ಮಾಡ್ತೀಯ ಮಗಾ? ರಾಗಿ ನಿನ್ನ ಪುಸ್ತಕ ಬೀಸ್ತದಾ?" ಎಂದು ಅವರು ನಗುತ್ತಿದ್ದರು. 1996ರಲ್ಲಿ ಅವನ್ನು ಪುಸ್ತಕವಾಗಿಸುವ ಉತ್ಸಾಹದಿಂದ ನಮ್ಮೂರಿನ ಅಚ್ಚುಕೂಟಕ್ಕೆ ಒಯ್ದೆ. ಯಜಮಾನರು ಆಗಷ್ಟೇ ಮೊಳೆ ಜೋಡಿಸುವುದನ್ನು ಬಿಟ್ಟು, ಆ್ಯಪಲ್ ಕಂಪನಿಯ ಮ್ಯಾಕಿಂತಾಷ್ ಗಣಕವೊಂದನ್ನು ಸಾಲ ಮಾಡಿ ತಂದಿದ್ದರು. ನಮ್ಮ ದೇಶದಲ್ಲಿ ಅದು ಮುದ್ರಣಾಲಯಗಳಲ್ಲಿ, ಜಾಹೀರಾತಿನವರಲ್ಲಿ ಕಾಣುತ್ತಿದ್ದ ಯಂತ್ರ. ಕಚೇರಿಗಳಲ್ಲಿ, ಮನೆಗಳಲ್ಲಿ ಅಪರೂಪ. ಯಜಮಾನರು ಆಸಕ್ತಿಯ ಮನುಷ್ಯರು. ಕೊಂಡುತಂದ ಕನ್ನಡ ಫಾಂಟನ್ನು, ಅಂದರೆ ಅಕ್ಷರಗಳ ಅಚ್ಚನ್ನು, ಫಾಂಟೋಗ್ರಾಫರ್ ಎಂಬ ತಂತ್ರಾಂಶದಲ್ಲಿ ತೆರೆದು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದ್ದರು. ನಾನು ಕೇಳಿದ ಸಣ್ಣಪುಟ್ಟ ತಿದ್ದುಪಡಿಗಳನ್ನೂ ಬೇಸರವಿಲ್ಲದೆ ಮಾಡಿಕೊಟ್ಟರು.

ಪುಸ್ತಕ ಹೊರಬರಲಿಲ್ಲ. ಕಾಗದಕ್ಕೆ ಹಣ ಹೊಂದಲಿಲ್ಲ. 1998ರಲ್ಲಿ ಅತ್ತೆ ತೀರಿಕೊಂಡರು. 2002ರಲ್ಲಿ ಅಚ್ಚುಕೂಟ ಮುಚ್ಚುವಾಗ ಯಜಮಾನರು ಒಂದು ಸಿ.ಡಿ.ಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮ ಅತ್ತೆಯವರ ಪದಗಳೂ ಫಾಂಟೂ ಇದರಲ್ಲಿವೆ ಮೇಷ್ಟ್ರೇ, ಜೋಪಾನ" ಎಂದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸ್ಯಾನ್ ಹೋಸೆ ನಗರದ ಸಭೆಯೊಂದರಲ್ಲಿ ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಶವಪೆಟ್ಟಿಗೆಯೊಂದನ್ನು ತರಿಸಿ, ಮ್ಯಾಕ್ ಓಎಸ್ 9 ಎಂಬ ತಮ್ಮ ಹಳೆಯ ಕಾರ್ಯವ್ಯವಸ್ಥೆಗೆ ಅಂತ್ಯಕ್ರಿಯೆಯ ನಾಟಕವಾಡಿದರಂತೆ. ಅಲ್ಲಿ ಸಭಿಕರು ನಕ್ಕಿರಬೇಕು. ಆ ಪೆಟ್ಟಿಗೆಯಲ್ಲಿ ನನ್ನ ಅತ್ತೆಯ ಪದಗಳೂ ಮಲಗಿದ್ದುವೆಂಬುದು ಅವರಿಗೆ ತಿಳಿಯುವಂತಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಇದಾದ ನಾಲ್ಕು ವರ್ಷಕ್ಕೆ ಅಟ್ಟದ ಮೇಲಿದ್ದ ನನ್ನ ನೋಟುಬುಕ್ಕುಗಳನ್ನು ಗೆದ್ದಲು ತಿಂದಿತು. ಆಗಲೂ ನಾನು ಅಷ್ಟಾಗಿ ದುಃಖಿಸಲಿಲ್ಲ, ಸಿ.ಡಿ. ಇದೆಯಲ್ಲ! ಗೆದ್ದಲಿಗೆ ಸಿಗದ ಪದಾರ್ಥವನ್ನು ಮನುಷ್ಯ ಕಂಡುಹಿಡಿದನೆಂದು ಹೆಮ್ಮೆಯೂ ಪಟ್ಟೆ.

ನಿವೃತ್ತನಾದ ಮೇಲೆ ಒಂದು ದಿನ ಅದನ್ನು ಮನೆಯ ಗಣಕಕ್ಕೆ ಹಾಕಿದೆ. ಗಣಕ ಅದರಲ್ಲಿ ತನಗೇನೂ ಕಾಣಿಸುತ್ತಿಲ್ಲವೆಂದಿತು. ಎರಡನೆಯ ಗಣಕವೂ ಅದನ್ನೇ ಹೇಳಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ವಿದ್ಯೆಯಲ್ಲೇ ಅನ್ನ ಕಂಡುಕೊಂಡಿದ್ದಾನೆ. ಅವನನ್ನು ಕರೆಸಿದೆ. ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಸಿ.ಡಿ.ಯ ಮೇಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ಸಾಲು ಇದೆ. ಮನೆಯಲ್ಲಿ ಬರೆಯುವ ಸಿ.ಡಿ.ಯಲ್ಲಿ ಒಂದು ಬಣ್ಣದ ಪದರವಿರುತ್ತದೆ. ಲೇಸರ್ ಕಿರಣ ಆ ಪದರವನ್ನು ಅಲ್ಲಲ್ಲಿ ಸುಡುತ್ತದೆ. ಸುಟ್ಟ ಕಡೆ ಬೆಳಕು ಮಂಕಾಗಿ ಹಿಂದಿರುಗುತ್ತದೆ, ಸುಡದ ಕಡೆ ಹೊಳೆಯುತ್ತದೆ. ಓದುವ ಯಂತ್ರ ಈ ಮಂಕು ಹೊಳಪುಗಳನ್ನೇ ಓದುವುದು. ಆದ್ದರಿಂದ ಈ ಬರವಣಿಗೆಗೆ 'ಸುಡುವುದು' ಎಂದೇ ಹೆಸರು. ಆದರೆ ಸಾಲನ್ನು ಓದಬಲ್ಲ ಯಂತ್ರಕ್ಕೆಲ್ಲ ಅರ್ಥ ಆಗಬೇಕೆಂದಿಲ್ಲ. ಯಾವ ಫೈಲು ಎಲ್ಲಿ ಆರಂಭ, ಎಲ್ಲಿ ಮುಕ್ತಾಯ, ಅದರ ಹೆಸರೇನು ಎಂಬ ವಿಷಯಸೂಚಿ ಒಂದಿರಬೇಕು. ಈ ಸೂಚಿಯ ಪದ್ಧತಿ ಒಂದೊಂದು ಮನೆತನಕ್ಕೆ ಒಂದೊಂದು. ಎಲ್ಲರಿಗೂ ಸಲ್ಲುವ ಒಂದು ಪದ್ಧತಿಯನ್ನು 1988ರಲ್ಲಿ ಐಎಸ್ಓ 9660 ಎಂಬ ಹೆಸರಿನಲ್ಲಿ ನಿಗದಿಮಾಡಿದರು. ಮ್ಯಾಕಿಂತಾಷ್ ಅದಕ್ಕೂ ಹಿಂದೆ, 1985ರಲ್ಲಿಯೇ, ಎಚ್‌ಎಫ್‌ಎಸ್ ಎಂಬ ತನ್ನದೇ ಪದ್ಧತಿಯನ್ನು ಮಾಡಿಕೊಂಡಿತ್ತು. ನಮ್ಮ ಯಜಮಾನರು ತಮ್ಮ ಹಳೆಯ ಯಂತ್ರವೂ ಓದಲೆಂದು ಆ ಪದ್ಧತಿಯಲ್ಲೇ ಸುಟ್ಟಿದ್ದರು. ನಮ್ಮ ಮನೆಯ ಗಣಕಕ್ಕೆ ಆ ಸೂಚಿ ತಿಳಿಯದು; ತಿಳಿಯದ್ದನ್ನು ಅದು 'ಇಲ್ಲ' ಎಂದಿತು. ಮನುಷ್ಯರಲ್ಲೂ ಈ ಸ್ವಭಾವ ಉಂಟಷ್ಟೆ. ಆ್ಯಪಲ್ ಕಂಪನಿಯ ಹೊಸ ಯಂತ್ರಗಳೇ 2019ರಲ್ಲಿ ಬಂದ ಆವೃತ್ತಿಯಿಂದ ಆ ಪದ್ಧತಿಯನ್ನು ಓದುವುದನ್ನು ಬಿಟ್ಟುಬಿಟ್ಟಿವೆ. ಹುಟ್ಟಿದ ಮನೆಯಲ್ಲೇ ಮರೆತ ಭಾಷೆ ಅದು.

ಶಿಷ್ಯ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಗಣಕ ತಂದ. ಅದಕ್ಕೆ ಈ ಹಳೆಯ ಸೂಚಿಯೂ ಗೊತ್ತು. ಫೈಲುಗಳ ಹೆಸರು ಕಂಡವು. ನನಗೆ ಗಂಟಲು ಕಟ್ಟಿತು. ಅವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆವು. ಪದಗಳ ಫೈಲು ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಬಗೆಬಗೆಯ ಚಿಹ್ನೆಗಳ ಸಂತೆ. ಕಾರಣ ಸರಳ. ಜಗತ್ತಿನ ಲಿಪಿಗಳಿಗೆಲ್ಲ ನಿಶ್ಚಿತ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೂ ಸ್ಥಾನ ಕೊಟ್ಟಿತ್ತು. ಅಚ್ಚುಕೂಟಗಳಿಗೆ ಅದು ಬಹಳ ಕಾಲ ತಲುಪಲಿಲ್ಲ. ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಆ ಫಾಂಟಿಗೆ ಮಾತ್ರ ಗೊತ್ತು. ಸರಿ, ಫಾಂಟನ್ನು ತೆರೆಯೋಣವೆಂದರೆ ಅದರ ಗಾತ್ರ ಸೊನ್ನೆ! ಹೆಸರಿದೆ, ಒಳಗೆ ಏನೂ ಇಲ್ಲ.

ಇದರ ಗುಟ್ಟು ಸ್ವಾರಸ್ಯವಾದುದು. ಹಳೆಯ ಮ್ಯಾಕಿಂತಾಷ್‌ನಲ್ಲಿ ಒಂದು ಫೈಲಿಗೆ ಎರಡು ಕವಲುಗಳು. ಒಂದರಲ್ಲಿ ದತ್ತಾಂಶ, ಎಂದರೆ ಬರೆದ ಮಾತು. ಇನ್ನೊಂದು ಸಂಪನ್ಮೂಲದ ಕವಲು. ಚಿತ್ರ, ಗುಂಡಿ, ಅಕ್ಷರದ ಆಕಾರ ಮುಂತಾದ ಉಪಕರಣಗಳು ಅದರಲ್ಲಿರುತ್ತವೆ. ಉಳಿದ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಫೈಲಿಗೆ ಒಂದೇ ಕವಲು. ಹೀಗಾಗಿ ಫೈಲನ್ನು ಈ ಕಡೆಗೆ ದಾಟಿಸುವಾಗ ಎರಡನೆಯ ಕವಲು ಸದ್ದಿಲ್ಲದೆ ಹಿಂದೆ ಉಳಿಯುತ್ತದೆ. ಪದಗಳ ಫೈಲಿನಲ್ಲಿ ಮಾತು ಮೊದಲ ಕವಲಿನಲ್ಲಿದ್ದುದರಿಂದ ದಾಟಿತು. ಫಾಂಟಿನ ಸರ್ವಸ್ವವೂ ಎರಡನೆಯದರಲ್ಲಿದ್ದುದರಿಂದ ಅದು ಬರಿಯ ಹೆಸರಾಗಿ ದಾಟಿತು. ಗೀರು ಬಂತು, ಮಸಿ ಬರಲಿಲ್ಲ.

ಶಿಷ್ಯ ಎದೆಗುಂದಲಿಲ್ಲ. ನನಗೆ ಬಾಯಿಪಾಠವಿದ್ದ ಎರಡು ಮೂರು ಪದಗಳನ್ನು ಪಕ್ಕದಲ್ಲಿಟ್ಟುಕೊಂಡು, ಶಾಸನತಜ್ಞರು ಅಪರಿಚಿತ ಲಿಪಿಯನ್ನು ಬಿಡಿಸುವಂತೆ, ಯಾವ ಚಿಹ್ನೆ ಯಾವ ಅಕ್ಷರವೆಂದು ಪಟ್ಟಿ ಮಾಡಿದ. ಎರಡು ವಾರದಲ್ಲಿ ನಲವತ್ತಮೂರು ಪದಗಳೂ ಚೊಕ್ಕ ಕನ್ನಡದಲ್ಲಿ ನನ್ನ ಮೇಜಿಗೆ ಬಂದವು. ಓದಿದೆ. ತಪ್ಪು ಹುಡುಕಲಾಗದಷ್ಟು ಚೆನ್ನಾಗಿತ್ತು. ಆದರೂ ಅತ್ತೆ ಹಾಡಿದಂತೆ ಕೇಳಿಸಲಿಲ್ಲ. ಪಾಠಶಾಲೆಯ ಹುಡುಗಿ ಒಪ್ಪಿಸಿದಂತೆ ಕೇಳಿಸಿತು.

"ಬಿಡಿಸಲಾಗದೆ ಏನಾದರೂ ಉಳಿಯಿತೇನಪ್ಪ?" ಎಂದೆ.

"ಒಂದೇ ಒಂದು ಚಿಹ್ನೆ ಸಾರ್. ಅದು ಯಾವ ಅಕ್ಷರಕ್ಕೂ ಹೊಂದಲಿಲ್ಲ, ಅದಿಲ್ಲದೆಯೂ ಓದು ಸರಾಗವಾಗಿತ್ತು. ಕಸವಿರಬೇಕೆಂದು ತೆಗೆದುಬಿಟ್ಟೆ."

"ಎಷ್ಟು ಸಲ ಬರುತ್ತದೆ?"

"ಇನ್ನೂರು ಚಿಲ್ಲರೆ."

ಗ್ರಂಥಸಂಪಾದನೆಯ ತರಗತಿಯಲ್ಲಿ ಮೂವತ್ತು ವರ್ಷ ನಾನು ಹೇಳಿಕೊಟ್ಟ ಮಾತೊಂದಿದೆ. ಪ್ರತಿಕಾರ ತನಗೆ ತಿಳಿಯದ ಪಾಠವನ್ನು ತಿಳಿದ ಪಾಠಕ್ಕೆ ತಿದ್ದುತ್ತಾನೆ. ಆದ್ದರಿಂದ ಎರಡು ಪಾಠಗಳಲ್ಲಿ ಕಠಿಣವಾದುದರ ಮೇಲೆ ಸಂಪಾದಕನ ಕಣ್ಣಿರಬೇಕು. ಇನ್ನೂರು ಸಲ ಬರುವ ಕಸ ಕಸವಲ್ಲ. ಆದರೆ ಅದೇನೆಂದು ನನಗೂ ನೆನಪಾಗಲಿಲ್ಲ. ಫಾಂಟಿನ ಎರಡನೆಯ ಕವಲನ್ನು ಹೊಸ ಯಂತ್ರದಲ್ಲೇ ಬಿಡಿಸಿ ನೋಡುವ ಸಾಧನಗಳಿವೆ ಎಂದು ಶಿಷ್ಯ ಹೇಳಿದ. ನಾನು ಒಪ್ಪಲಿಲ್ಲ. ಒಮ್ಮೆ ದಾಟಿಸಿ ಕೆಟ್ಟಿದ್ದೇವೆ. ಈ ಬಾರಿ ಮೂಲವನ್ನು ಅದರ ಮನೆಯಲ್ಲೇ ನೋಡಬೇಕೆಂದು ಹಟ ಹಿಡಿದೆ.

ಯಜಮಾನರು ಈಗಿಲ್ಲ. ಅವರ ಮಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವರ ಮನೆಯ ಅಟ್ಟದಲ್ಲಿ ಆ ಮ್ಯಾಕಿಂತಾಷ್ ಗೋಣಿಚೀಲ ಹೊದ್ದು ಕುಳಿತಿತ್ತು. ಧೂಳು ಒರೆಸಿ ವಿದ್ಯುತ್ತು ಕೊಟ್ಟಾಗ, ಆಶ್ಚರ್ಯವೆಂಬಂತೆ, ಎಚ್ಚೆತ್ತಿತು. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಅದರ ಗಡಿಯಾರ 1904ನೆಯ ಇಸವಿ ತೋರಿಸುತ್ತಿತ್ತು. ಆ ಯಂತ್ರಗಳ ಕಾಲಗಣನೆ ಆರಂಭವಾಗುವುದೇ ಅಲ್ಲಿಂದಂತೆ. ನಮ್ಮ ಪದಗಳನ್ನು, ಜಾಗ ಸಾಲದೆಂದು, ಅದರೊಳಗಿನಿಂದ ಎಂದೋ ಅಳಿಸಿದ್ದರು. ಉಳಿದದ್ದು ನನ್ನ ಸಿ.ಡಿ. ಒಂದೇ. ಅದನ್ನು ಹಾಕಿದರೆ ಯಂತ್ರ ಗುರುಗುಟ್ಟಿ ಹೊರಕ್ಕೆ ತಳ್ಳಿತು. ತಟ್ಟೆಗೂ ವಯಸ್ಸಾಗಿತ್ತು, ಓದುವ ಕಣ್ಣಿಗೂ ವಯಸ್ಸಾಗಿತ್ತು. ಹೊಸ ಯಂತ್ರ ತಡವರಿಸಿಯಾದರೂ ಓದಿದ್ದನ್ನು ಹಳೆಯದು ಓದಲಾರದಾಯಿತು. ಆದ್ದರಿಂದ ಹೊಸ ಸಿ.ಡಿ.ಯೊಂದನ್ನು ಸುಡಲೇಬೇಕಾಯಿತು.

ಮೂರು ಸಲ ಸುಟ್ಟೆವು. ಮೊದಲನೆಯದನ್ನು ನಾನೇ, ಶಿಷ್ಯ ಬರುವವರೆಗೆ ತಾಳದೆ, ಪೆನ್‌ಡ್ರೈವಿನಲ್ಲಿದ್ದ ಫೈಲುಗಳಿಂದ ಸುಟ್ಟೆ. ಮ್ಯಾಕಿಂತಾಷ್ ಅದನ್ನು ಸ್ವಾಗತಿಸಿತು, ಏಕೆಂದರೆ ಐಎಸ್ಓ ಪದ್ಧತಿಯನ್ನು ಅದೂ ಓದಬಲ್ಲದು. ಆದರೆ ಆ ಪದ್ಧತಿಯ ಮೊದಲ ಹಂತದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಅದೂ ಇಂಗ್ಲಿಷಿನ ದೊಡ್ಡಕ್ಷರಗಳು. ಮೂವತ್ತೊಂದು ಅಕ್ಷರದವರೆಗೆ ಹೆಸರಿಡಲು ಬಿಡುತ್ತಿದ್ದ ಎಚ್‌ಎಫ್‌ಎಸ್‌ನಲ್ಲಿ ಯಜಮಾನರು ಅಕ್ಕರೆಯಿಂದ ಇಟ್ಟಿದ್ದ ಹೆಸರುಗಳೆಲ್ಲ ಮೊಟಕಾಗಿ ಬಂದು ನಿಂತವು. ಫಾಂಟು ಎಂದಿನಂತೆ ಸೊನ್ನೆ. ಕಳೆದುಹೋದ ಮೇಲೆ ನಕಲು ಮಾಡಿದರೆ ಕಳೆದದ್ದರ ನಕಲೇ ಆಗುತ್ತದೆ ಎಂಬಷ್ಟು ವಿವೇಕ ನನಗೆ ಬರಬೇಕಿತ್ತು.

ಎರಡನೆಯ ಸಲ ಶಿಷ್ಯ ಫೈಲುಗಳ ಗೊಡವೆಗೇ ಹೋಗಲಿಲ್ಲ. ಮೂಲ ಸಿ.ಡಿ.ಯ ಸುರುಳಿಯನ್ನು ಮೊದಲಿಂದ ಕೊನೆಯವರೆಗೆ, ಸೂಚಿ, ಕವಲು, ಖಾಲಿ ಜಾಗ ಎಲ್ಲವೂ ಸೇರಿ, 2048 ಬೈಟುಗಳ ಒಂದೊಂದು ಖಾನೆಯಾಗಿ, ಅರ್ಥ ಕೇಳದೆ ಪ್ರತಿ ಮಾಡಿದ. ಮಸುಕಾದ ಖಾನೆಗಳನ್ನು ಮತ್ತೆ ಮತ್ತೆ ಓದಿಸಿದ. ಒಂದು ರಾತ್ರಿ ಪೂರ್ತಿ ಹಿಡಿಯಿತು. ಆ ಪ್ರತಿಬಿಂಬವನ್ನು, ತಪ್ಪಾದರೆ ಅಳಿಸಬಹುದೆಂದು, ಮತ್ತೆ ಮತ್ತೆ ಬರೆಯಬಹುದಾದ ಬಗೆಯ ಸಿ.ಡಿ.ಗೆ ಸುಟ್ಟ. ಯಂತ್ರ ತಿರಸ್ಕರಿಸಿತು. ಅಳಿಸಿ ಬರೆಯುವ ಸಿ.ಡಿ.ಗಳು ಬೆಳಕನ್ನು ಬಹಳ ಕಡಮೆ ಹಿಂದಿರುಗಿಸುತ್ತವೆ. ಸಾಮಾನ್ಯ ತಟ್ಟೆಯ ಹೊಳಪಿನ ಮೂರರಲ್ಲೊಂದು ಪಾಲೂ ಇರದು. ಅವು ಬಳಕೆಗೆ ಬಂದದ್ದು 1997ರ ಸುಮಾರಿಗೆ. ನಮ್ಮ ಯಂತ್ರ ಅದಕ್ಕಿಂತ ಹಿರಿದು, ಅಷ್ಟು ಮಂದವಾದ ಬೆಳಕಿಗೆ ಅದರ ಕಣ್ಣು ಪಳಗಿರಲಿಲ್ಲ.

ಮೂರನೆಯ ಸಲ ಒಮ್ಮೆ ಮಾತ್ರ ಬರೆಯಬಹುದಾದ ತಟ್ಟೆ ತಂದೆವು. ಅದೇ ಪ್ರತಿಬಿಂಬವನ್ನು, ನಡುವೆ ನಿಲ್ಲಿಸದೆ, ಯಂತ್ರ ಒಪ್ಪುವಷ್ಟು ನಿಧಾನವಾಗಿ, ಒಂದೇ ಉಸಿರಿಗೆ ಸುಟ್ಟು ಕೊನೆಯ ಮೊಹರನ್ನೂ ಹಾಕಿ ಮುಗಿಸಿದ. ಹಳೆಯ ಯಂತ್ರ ಸ್ವಲ್ಪ ಹೊತ್ತು ಗುನುಗಿತು. ಪರದೆಯ ಮೇಲೆ ಪುಟ್ಟ ಸಿ.ಡಿ.ಯ ಚಿತ್ರ ಮೂಡಿತು. ಅದರ ಕೆಳಗೆ ಯಜಮಾನರು ಇಟ್ಟಿದ್ದ ಹೆಸರು, ಪೂರ್ತಿಯಾಗಿ.

ಫಾಂಟನ್ನು ಅದರ ಜಾಗದಲ್ಲಿಟ್ಟು ಪದಗಳ ಫೈಲನ್ನು ತೆರೆದೆವು. ಕನ್ನಡ ಬಂತು. ಮೊದಲ ಸಾಲಿನಲ್ಲೇ ಒಂದು ಅಕ್ಷರದ ಕೆಳಗೆ ಸಾಸಿವೆಯಷ್ಟು ಚುಕ್ಕೆ ಇತ್ತು. ಅದನ್ನು ಕಂಡ ಕ್ಷಣವೇ ನನಗೆಲ್ಲ ನೆನಪಾಯಿತು.

'ಮೇಲೆ', 'ಪೇಟೆ' ಎಂಬ ಮಾತುಗಳನ್ನು ನಮ್ಮ ಸೀಮೆಯ ಹಳ್ಳಿಯವರು ಬರೆದಂತೆ ಆಡುವುದಿಲ್ಲ. 'ಮ್ಯಾಲೆ', 'ಪ್ಯಾಟೆ' ಎಂದು ಬರೆಯುವುದು ವಾಡಿಕೆ, ಆದರೆ ಅದೂ ಸರಿಯಲ್ಲ. ಆ ಸ್ವರ ಏಕಾರಕ್ಕೂ ಆಕಾರಕ್ಕೂ ನಡುವಿನದು. ಬಾನುಲಿಯಲ್ಲಿ ನಾನು ಆಡಿ ತೋರಿಸಬಲ್ಲೆ, ಕಾಗದದ ಮೇಲೆ ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಮನೆಯಿಲ್ಲ. 1996ರಲ್ಲಿ ನಾನು ಕಾಡಿದ್ದರಿಂದ ಯಜಮಾನರು ಒಂದು ಸಂಜೆ ಕುಳಿತು ಆ ಸ್ವರಕ್ಕಾಗಿ ಆ ಚುಕ್ಕೆಯನ್ನು ಫಾಂಟಿನೊಳಗೆ ಕೆತ್ತಿದ್ದರು. ಅದು ಜಗತ್ತಿನಲ್ಲಿ ಆ ಒಂದು ಫಾಂಟಿನಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಕೇಳಿದ ನಾನೇ ಮರೆತಿದ್ದೆ.

ಎಲ್ಲ ಕಡೆಗೂ ಚುಕ್ಕೆ ಇಟ್ಟರಾಯಿತಲ್ಲ ಎಂದು ತಾವು ಕೇಳಬಹುದು. ಹಾಗಿರಲಿಲ್ಲ. ಅತ್ತೆಯ ಪದವೊಂದರಲ್ಲಿ ಪೇಟೆಯಿಂದ ಬಂದ ಅತ್ತೆಗೂ ಹಳ್ಳಿಯಿಂದ ಬಂದ ಸೊಸೆಗೂ ಮಾತಿಗೆ ಮಾತು ಬೆಳೆಯುತ್ತದೆ. 'ಪೇಟೆ' ಎಂಬ ಮಾತು ಅತ್ತೆಯ ಬಾಯಲ್ಲಿ ಒಂದು ಬಗೆ, ಸೊಸೆಯ ಬಾಯಲ್ಲಿ ಇನ್ನೊಂದು ಬಗೆ. ಕೊನೆಯಲ್ಲಿ ಸೊಸೆ ಒಂದೇ ಒಂದು ಸಲ ಅತ್ತೆಯ ಧಾಟಿಯಲ್ಲಿ ಆ ಮಾತನ್ನಾಡಿ ಅಣಕಿಸುತ್ತಾಳೆ. ಪದದ ಜೀವವೆಲ್ಲ ಅಲ್ಲಿದೆ. ಬೀಸುವ ಕಲ್ಲಿನ ಸುತ್ತ ಹೆಂಗಸರು ನಗುತ್ತಿದ್ದುದು ಅಲ್ಲಿಗೇ. ಶಿಷ್ಯನ ಚೊಕ್ಕ ಪ್ರತಿಯಲ್ಲಿ ಇಬ್ಬರೂ ಒಂದೇ ರೀತಿ ಮಾತನಾಡುತ್ತಿದ್ದರು. ನಗು ಹೋಗಿತ್ತು. ಪರದೆಯ ಮೇಲೆ ಸೊಸೆಯ ಮಾತುಗಳಿಗೆಲ್ಲ ಚುಕ್ಕೆ ಇತ್ತು, ಕೊನೆಯ ಒಂದಕ್ಕೆ ಮಾತ್ರ ಇರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಯಜಮಾನರ ಮಗನ ತಾಯಿ ಒಳಗಿನಿಂದ ಬಂದು, ಬಾಗಿಲಲ್ಲಿ ನಿಂತು ಕೇಳಿ, ಸರಿಯಾಗಿ ಆ ಜಾಗದಲ್ಲಿ ನಕ್ಕರು.

ಶ್ರೋತೃಗಳೇ, ಇಂಥ ಅನುಭವ ನನ್ನೊಬ್ಬನದಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ 'ಡೂಮ್ಸ್‌ಡೇ' ಎಂಬ ಭೂದಾಖಲೆಯ ಪುಸ್ತಕವನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಸಂಸ್ಥೆ ಲೇಸರ್ ತಟ್ಟೆಗಳ ಮೇಲೆ ಹೊಸದೊಂದು 'ಡೂಮ್ಸ್‌ಡೇ'ಯನ್ನು ಸಿದ್ಧಪಡಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಆ ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಗಣಕದಲ್ಲಿ ಅನುಕರಿಸಿ 2002ರ ವೇಳೆಗೆ ಅದನ್ನು ಮತ್ತೆ ಓದುವಂತೆ ಮಾಡಿದರು. ಅವರೂ ತಟ್ಟೆಯನ್ನಷ್ಟೆ ಉಳಿಸಿದರೆ ಸಾಲದೆಂಬುದನ್ನು ಕಂಡುಕೊಂಡಿದ್ದರು.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂಬುದು ನಮಗೆಲ್ಲ ತಿಳಿದ ಮಾತು. ತರಗತಿಯಲ್ಲಿ ನಾನು ಅದನ್ನು ಔದಾರ್ಯದ ನಿದರ್ಶನವಾಗಿ ಹೇಳುತ್ತಿದ್ದೆ. ಈಗ ಆ ಪ್ರತಿಗಳ ಲಿಪಿಕಾರರ ಕಡೆಗೂ ನನ್ನ ಮನಸ್ಸು ಹೋಗುತ್ತದೆ. ಅರ್ಥವಾಗದ ಅಕ್ಷರವನ್ನು ತಿದ್ದದೆ, ಬಿಡದೆ, ಇದ್ದಂತೆಯೇ ಗೀರಿ ಮುಂದಕ್ಕೆ ದಾಟಿಸಿದವರು ಅವರಲ್ಲಿ ಎಷ್ಟು ಮಂದಿಯೋ. ಆ ರಾತ್ರಿ ಅರ್ಥ ಕೇಳದೆ ಖಾನೆಖಾನೆಯಾಗಿ ಪ್ರತಿ ಮಾಡಿದ ನನ್ನ ಶಿಷ್ಯ ಅವರ ಪಂಕ್ತಿಗೆ ಸೇರಿದವನೆಂದು ನಾನು ಭಾವಿಸುತ್ತೇನೆ. ಕಸವೆಂದು ಚುಕ್ಕೆಯನ್ನು ತೆಗೆದಿದ್ದವನೂ ಅವನೇ. ಒಬ್ಬ ಮನುಷ್ಯನಲ್ಲಿ ಇಬ್ಬರು ಲಿಪಿಕಾರರೂ ಇರುತ್ತಾರೆ.

ಈಗ ಪದಗಳೆಲ್ಲ ಯೂನಿಕೋಡಿನಲ್ಲಿವೆ. ಕನ್ನಡದ ಸಂಕೇತಗಳ ಪಟ್ಟಿಗೆ 2003ರಲ್ಲಿ ಸೇರಿದ ನುಕ್ತವೆಂಬ ಗುರುತನ್ನು ಆ ಚುಕ್ಕೆಯ ಬದಲಿಗೆ ಎರವಲು ಪಡೆದಿದ್ದೇನೆ. ಅದು ಯಾವ ಸ್ವರವನ್ನು ಸೂಚಿಸುತ್ತದೆ, ಯಾರ ಬಾಯಲ್ಲಿ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಎರಡು ಪುಟ ಬರೆದು ಮೊದಲಲ್ಲಿ ಸೇರಿಸಿದ್ದೇನೆ. ಹಳೆಯ ಬಗೆಯ ಸಿ.ಡಿ.ಯನ್ನು ಇನ್ನೂ ಎರಡು ಪ್ರತಿ ಸುಡಿಸಿ, ಒಂದನ್ನು ಯಜಮಾನರ ಮಗನ ಮನೆಯಲ್ಲಿ ಆ ಯಂತ್ರದ ಪಕ್ಕದಲ್ಲೇ ಇರಿಸಿದ್ದೇನೆ. ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಮಾಡಿಸಿಯೂ ಇಟ್ಟಿದ್ದೇನೆ, ಈ ಸಲ ಕಬ್ಬಿಣದ ಬೀರುವಿನಲ್ಲಿ.

ತಮ್ಮ ಮನೆಗಳಲ್ಲೂ ಇಂಥದೊಂದು ಸಿ.ಡಿ., ಒಂದು ಕ್ಯಾಸೆಟ್ಟು, ಒಂದು ಫ್ಲಾಪಿ ಇರಬಹುದು. ಅದು ಖಾಲಿ ಎಂದು ಯಂತ್ರವೊಂದು ಹೇಳಿದರೆ ಒಡನೆಯೇ ನಂಬಬೇಡಿ. ಅದನ್ನು ಬರೆದವರ ಯಂತ್ರ ಯಾವುದಿತ್ತು, ಅದನ್ನು ಬಲ್ಲವರು ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿ. ವಿಚಾರಿಸುವುದಾದರೆ ಬೇಗ ವಿಚಾರಿಸಿ. ತಟ್ಟೆಗೂ ವಯಸ್ಸಾಗುತ್ತದೆ, ಬಲ್ಲವರಿಗೂ ಆಗುತ್ತದೆ.

(ಬಾನುಲಿ ಭಾಷಣ)